ಹಗ್ಗದ ಆ ತುದಿ

ಪರದೆಯ ಮೇಲೆ, ತನ್ನ ಪಾತ್ರ ಮಾಡಿದ ನಟ ಚಾಕು ತೆಗೆದು ಹಗ್ಗ ಕೊಯ್ಯುವುದನ್ನು ಮುದುಕ ನೋಡಿದ. ಹಗ್ಗಕ್ಕೆ ನೇತುಬಿದ್ದಿದ್ದ ಗೆಳೆಯ "ದ್ರೋಹೀ!" ಎಂದು ಚೀರುತ್ತ ಪ್ರವಾಹದಲ್ಲಿ ಕೊಚ್ಚಿಹೋದ.

"ನಿಲ್ಲಿಸಮ್ಮ."

ನಿರ್ದೇಶಕಿ ನಿಲ್ಲಿಸಿದಳು. ಕಿಟಕಿಯಿಲ್ಲದ ಸಂಕಲನದ ಕೋಣೆ. ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡು ಕೂತಿದ್ದ ಆ ನಿರ್ದೇಶಕಿ, ನಿಜವಾಗಿ ಕೊಚ್ಚಿಹೋದ ಆ ಗೆಳೆಯನ ಮಗಳೇ. ಅಪ್ಪ ಹೋದಾಗ ಅವಳಿನ್ನೂ ಅಂಬೆಗಾಲಿಡುತ್ತಿದ್ದಳು.

"ಯಾಕೆ ಮಾಮ, ಸುಳ್ಳಾ?"

ಆಗ ಮುದುಕನೂ ಅವಳ ಅಪ್ಪನೂ ಅಗ್ನಿಶಾಮಕ ದಳದವರು. ಸೇತುವೆಯ ಕಂಬಕ್ಕೆ ಕಟ್ಟಿದ ಒಂದೇ ಹಗ್ಗ ಹಿಡಿದು ನೀರಿಗಿಳಿದಿದ್ದರು. ಬದುಕಿ ಬಂದವನು ಇವನೊಬ್ಬನೇ. ಹಗ್ಗದ ತುದಿ ನೋಡಿದರೆ ಸವೆದು ಹರಿದದ್ದಲ್ಲ, ಕೊಯ್ದದ್ದು. ವಿಚಾರಣೆಯಲ್ಲಿ ಇವನು ಹೇಳಿದ್ದು ಇಷ್ಟೇ: "ನೀರಿನ ಮೊರೆತ ಸ್ವಾಮಿ. ಏನೂ ಕಾಣಲಿಲ್ಲ, ಏನೂ ಕೇಳಲಿಲ್ಲ." ಸಾಕ್ಷಿಯಿಲ್ಲದೆ ಶಿಕ್ಷೆಯಾಗಲಿಲ್ಲ. ಆದರೆ ಊರಿನ ಬಾಯಿಗೆ ಬೀಗ ಹಾಕುವವರು ಯಾರು? 'ಹಗ್ಗ ಕೊಯ್ದವನು' ಎಂಬ ಹೆಸರೇ ನಿಂತಿತು. ಹೆಣ್ಣು ಕೊಟ್ಟವರು ಮಗಳನ್ನು ತವರಿಗೆ ಕರೆದೊಯ್ದರು. ಇವನು ಎದುರಾಡಲಿಲ್ಲ.

"ನನ್ನ ಬಗ್ಗೆ ಏನು ಬೇಕಾದ್ರೂ ತೋರ್ಸು. ಚಾಕೂ ಇರ್ಲಿ. ಆ ಕೂಗೊಂದು ತೆಗೆದುಬಿಡು."

"ಕೊನೇ ಗಳಿಗೇಲಿ ಅಪ್ಪ ಏನಂದ್ರೋ ಯಾರಿಗೆ ಗೊತ್ತು? ಗೊತ್ತಿಲ್ಲದ್ದನ್ನ ನಾವು ಕಟ್ಲೇಬೇಕು ಮಾಮ. ಸಿನಿಮಾ ಅಂದ್ರೆ ಹಾಗೇ."

"ಕಟ್ಟೋದಾದ್ರೆ ಕಟ್ಟು, ಅವನ ಹೆಸರ್ಯಾಕೆ ಇಡ್ತೀಯ? ಸತ್ತವನು ಎದ್ದು ಬಂದು ಇಲ್ಲ ಅಂತಾನಾ? ಅವನು ಕೂಗ್ಲೇ ಇಲ್ಲ. ಮೆಲ್ಲಗೆ..."

ಮುದುಕ ನಾಲಿಗೆ ಕಚ್ಚಿಕೊಂಡ. ತಡವಾಗಿತ್ತು.

ಅವಳು ಎದ್ದು ನಿಂತಳು. "ಏನೂ ಕೇಳಲಿಲ್ಲ ಅಂದಿದ್ರಲ್ಲ?"

ಅವನು ಬಾಗಿಲ ಕಡೆ ನೋಡಿದ. ಅವಳು ಬೆನ್ನನ್ನು ಬಾಗಿಲಿಗೆ ಒತ್ತಿ ನಿಂತಳು.

"ಶುಕ್ರವಾರ ಊರೆಲ್ಲ ನೋಡುತ್ತೆ. ಅಪ್ಪ ಅಂದಿದ್ದೇನು ಅಂತ ಹೇಳಿ, ಅದನ್ನೇ ಹಾಕ್ತೀನಿ. ಹೇಳ್ಲಿಲ್ವಾ, ಈ ಬೈಗುಳವೇ ಅವರ ಕೊನೇ ಮಾತಾಗಿ ಉಳ್ಕೊಳ್ಳುತ್ತೆ."

ಮುದುಕನಿಗೆ ಅತ್ತ ದರಿ, ಇತ್ತ ಪುಲಿ.

"ಹೇಳಿ ಮಾಮ. ನಾನು ಅವರ ಮಗಳು. ಯಾವ ಮಾತಾದ್ರೂ ತಡ್ಕೋತೀನಿ."

ಅವಳ ಮುಖ ನೋಡಲಾಗದೆ ಅವನು ನೆಲ ನೋಡಿದ.

"'ಈ ಹಗ್ಗ ಇಬ್ಬರನ್ನ ತಡೆಯಲ್ಲ ಕಣೋ' ಅಂದ, ಆಮೇಲೆ, 'ಅಪ್ಪ ತಾನಾಗೇ ಬಿಟ್ಟುಹೋದ ಅಂತ ನನ್ನ ಮಗಳಿಗೆ ಯಾವತ್ತೂ ಹೇಳ್ಬೇಡ' ಅಂದು, ಚಾಕು ತೆಗೆದ."