ಮೂಲೆಯ ಹೂವು

ಇದು ಅಪ್ಪಟ ನಿಜ ಕತೆ. ಅನುಮಾನವಿದ್ದರೆ ಹಳಿಯಾಳದ ಕಡೆ ಹೋಗಿ ಕೌದಿಯನ್ನೇ ಕೇಳಿ. ಉಟ್ಟವರ ದನಿ ಹಳೆಯ ಬಟ್ಟೆಯಲ್ಲಿ ಉಳಿಯುವ ಕಾಲವಲ್ಲವೇ ಇದು! ಸಿದ್ದಿ ಹೆಂಗಸರು ಹೊಲಿದ ಕೌದಿ ಹೊದ್ದರೆ ತೀರಿಹೋದ ಅಜ್ಜಂದಿರೆಲ್ಲ ಗೊಣಗಿ ನಿದ್ದೆ ಕೆಡಿಸುತ್ತಾರೆ.

ಹರಕುಮುರುಕು ಕನ್ನಡ ಕಲಿತು ಬ್ರೆಜಿಲ್‌ನಿಂದ ಬಂದ ಜಾಂದೀರಾ, ಮುತ್ತಜ್ಜಿಯ ರವಿಕೆಯ ತುಂಡನ್ನು ಕೌದಿ ಹೊಲಿಯುವ ಮೊನಿಕಾಬಾಯಿಯ ಮುಂದಿಟ್ಟಳು. ಅವಳ ಹಿರಿಯರನ್ನೂ ಇಲ್ಲಿನ ಸಿದ್ದಿಗಳ ಹಿರಿಯರನ್ನೂ ಆಫ್ರಿಕಾದಿಂದ ಹಡಗು ಹತ್ತಿಸಿ ಬೇರೆ ಬೇರೆ ದಡದಲ್ಲಿ ಮಾರಿದ್ದರು. ಆ ತುಂಡು ಇವರ ಕೌದಿಯ ಮೂಲೆಗೆ ಮಡಚಿ ಹೊಲಿಯುವ ಬಟ್ಟೆಯ ಹೂವಾಗಿ ಸೇರಲೆಂಬುದು ಅವಳ ಆಸೆ. ಆದರೆ ದನಿಯಿಲ್ಲದ ಬಟ್ಟೆಯನ್ನು ಇಲ್ಲಿ ಯಾರೂ ಹೊಲಿಯುವುದಿಲ್ಲ. ಅವಳು ಅತ್ತು ಕರೆದರೂ ಅದು ಈವರೆಗೆ ತುಟಿ ಬಿಚ್ಚಿರಲಿಲ್ಲ.

"ಇನ್ನೊಮ್ಮೆ ಕರಿ ತಂಗಿ," ಎಂದಳು ಮೊನಿಕಾಬಾಯಿ.

"ಅಜ್ಜೀ..."

"ಇಷ್ಟ್ ತಡಾ ಮಾಡಿ ಬಂದಿಯೇನ್ ಮಗಾ? ಚಾ ಆರಿ ಹೋತು!"

ಬಟ್ಟೆ ಮಾತಾಡಿತೆಂದು ಜಾಂದೀರಾ ಕಣ್ಣು ತುಂಬಿಕೊಂಡು ತುಂಡನ್ನು ಎದೆಗೊತ್ತಿಕೊಂಡಳು. ಮರುಕ್ಷಣವೇ ಹೊಳೆಯಿತು: ಬ್ರೆಜಿಲ್ಲಿನ ಮುತ್ತಜ್ಜಿಗೆ ಹಳಿಯಾಳದ ಕನ್ನಡ ಹೇಗೆ ಬಂತು? ಕೌದಿಗಳ ರಾಶಿಯ ಹಿಂದೆ ಒಂದು ಜಡೆ ಅಲುಗಿತು. ಊರಿನವರ ದನಿಯನ್ನೆಲ್ಲ ಅಣಕಿಸುವ ಹುಡುಗಿ ಲೋರಿನಾಳದು!

"ಏ ಲೋರಿನಾ! ನಮ್ ತಂಗೀನ ಅಳಸ್ತಿಯೇನ?" ಮೊನಿಕಾಬಾಯಿ ಗದರಿದಳು.

ಜಾಂದೀರಾ ಅಳಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕಳು, ನಗುನಗುತ್ತ ಮೂಗಿನಲ್ಲಿ ಗೊರ್ರೆಂದಳು. ಎದೆಗೊತ್ತಿದ್ದ ತುಂಡೂ ಹಾಗೇ ನಕ್ಕು, ಹಾಗೇ ಗೊರ್ರೆಂದಿತು.

"ಈ ಸಲ ನಾನಲ್ಲ!" ಎಂದು ಲೋರಿನಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಮೊನಿಕಾಬಾಯಿ ಆಗಲೇ ಸೂಜಿಗೆ ದಾರ ಪೋಣಿಸುತ್ತಿದ್ದಳು. ತುಂಡಿನೊಳಗಿನ ಮುತ್ತಜ್ಜಿ ನಗುತ್ತಿದ್ದಳು, ಲೋರಿನಾ ನಗುತ್ತಿದ್ದಳು. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವಳು ಜಾಂದೀರಾ.