ಎದುರಿನವರ ಕಾಯಿ

“ಒಬ್ರೇನಾ ಯಜಮಾನ್ರೇ?”

ಕಲ್ಯಾಣ ಮಂಟಪದ ಬಾಗಿಲಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಅಮೃತೇಶ್ ಹೀಗೆ ಕೇಳಿದ್ದೇ ತಡ, ಮರಿಯಯ್ಯನಿಗೆ ಉರಿದುಹೋಯಿತು. “ಕಣ್ ಕಾಣಕಿಲ್ವಾ? ನನ್ ಹಿಂದೆ ದಿಬ್ಬಣ ಏನಾರ ಬಂದದಾ?”

ಅಮೃತೇಶ್ ನಕ್ಕು ಅವನ ಕೈಗೆ ಹಸಿರು ಪಟ್ಟಿ ಕಟ್ಟಿ ಒಳಗೆ ಬಿಟ್ಟ. ಮದುವೆಗಳಿಲ್ಲದ ವಾರ ನೋಡಿಕೊಂಡು ಮೈಸೂರಿನ ಹುಡುಗರು ನಂಜನಗೂಡಿನ ಆ ಮಂಟಪದಲ್ಲಿ ಶನಿವಾರ, ಭಾನುವಾರ ಬೋರ್ಡ್ ಗೇಮ್ ಮೇಳ ಇಟ್ಟಿದ್ದರು. ಯಾರು ಬೇಕಾದರೂ ಬಂದು ಯಾವ ಮೇಜಿನಲ್ಲಾದರೂ ಕೂತು ಆಡಬಹುದು ಎಂದು ಹುಲ್ಲಹಳ್ಳಿ ಬಸ್ ನಿಲ್ದಾಣದ ಗೋಡೆಗೆ ಕಾಗದ ಅಂಟಿಸಿದ್ದರು. ಅದನ್ನು ಓದಿಯೇ ಮರಿಯಯ್ಯ ಬೆಳಗಿನ ಬಸ್ಸು ಹತ್ತಿದ್ದ. ಎದುರಿಗೆ ಒಂದು ಜೀವ ಕೂತರೆ ಸಾಕು, ಒಂದೇ ಒಂದು ಆಟ ಪೂರ್ತಿ ಆಡಿ ಬರಬೇಕು ಎಂಬುದಷ್ಟೇ ಅವನ ಆಸೆ. ಊರಲ್ಲಿ ಅದಾಗುವ ಹಾಗಿರಲಿಲ್ಲ. ಗಂಡಸರಿಗೆ ಇಸ್ಪೀಟು ಬೇಕು. ಚೌಕಾಬಾರ ಅಂದರೆ, “ಹೆಂಗಸ್ರ ಆಟ ಆಡ್ತೀಯೇನ್ಲಾ ಮರಿ?” ಎಂದು ಹಲ್ಲು ಕಿಸಿಯುತ್ತಾರೆ. ಹೆಂಗಸರು ಆಡುವ ಜಗಲಿಗೆ ಹೋಗಿ ಇವನು ಕೂರುವಂತಿಲ್ಲ.

ಮೊದಲನೆಯ ಮೇಜಿನಲ್ಲಿ ಪುಟ್ಟ ಪುಟ್ಟ ರೈಲು ಡಬ್ಬಿ ಜೋಡಿಸುವ ಆಟ. ನಿಯಮ ಹೇಳಿ ಮುಗಿಸುವಷ್ಟರಲ್ಲಿ ಮರಿಯಯ್ಯ ಆಕಳಿಸಿ ಎದ್ದ. ಇನ್ನೊಂದರಲ್ಲಿ ರೋಗ ಹರಡದಂತೆ ಎಲ್ಲರೂ ಸೇರಿ ಊರುಗಳನ್ನು ಉಳಿಸಬೇಕಂತೆ.

“ಎದುರಾಳಿ ಯಾರಪ್ಪಾ ಇದ್ರಲ್ಲಿ?”

“ಯಾರೂ ಇಲ್ಲ ಅಂಕಲ್. ಎಲ್ರೂ ಒಂದೇ ಕಡೆ.”

“ಸೋಲೋರೇ ಇಲ್ದಿದ್ ಮೇಲೆ ಅದ್ಯಾವ ಆಟಾನ್ರಲಾ?”

ಅವನು ಮೇಜಿಂದ ಮೇಜಿಗೆ ಅಲೆಯುವುದನ್ನು ಕಂಡು ಅಮೃತೇಶ್ ಒಂದು ಡಬ್ಬಿ ಹಿಡಿದು ಬಂದ. “ಇದು ನೋಡಿ ಯಜಮಾನ್ರೇ, ಒಬ್ರೇ ಆಡೋ ಆಟ. ನಿಮಗೆ ಸರಿಹೋಗುತ್ತೆ.”

“ಒಬ್ನೇ ಆಡದಾಗಿದ್ರೆ ಮನೇಲೇ ಬಿದ್ದಿರ್ತಿರ್ನಿಲ್ವೇನಯ್ಯಾ? ಇಲ್ಗಂಟ ಯಾಕ್ ಬರ್ಬೇಕಿತ್ತು?”

ಇಡೀ ಮಂಟಪ ತಿರುಗಿ ನೋಡಿತು. ಅಮೃತೇಶ್ ಡಬ್ಬಿ ಮುಚ್ಚಿಕೊಂಡು ಹಿಂದೆ ಸರಿದ. ಮರಿಯಯ್ಯ ಟವಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಾಗಿಲ ಕಡೆ ಹೊರಟಾಗಲೇ ಮೂಲೆಯ ಮೇಜು ಕಣ್ಣಿಗೆ ಬಿದ್ದದ್ದು. ಬಟ್ಟೆಯ ಮೇಲೆ ಬರೆದ ಚೌಕಾಬಾರದ ಮನೆಗಳು, ನಾಲ್ಕು ಕವಡೆ, ಕರಿ ಕಾಯಿ, ಕೆಂಪು ಕಾಯಿ. ಎದುರಿಗೆ ಕಾಲೇಜು ಹುಡುಗಿಯೊಬ್ಬಳು ಸುಮ್ಮನೆ ಕೂತಿದ್ದಳು. ಎದೆಯ ಮೇಲಿನ ಚೀಟಿಯಲ್ಲಿ ಕವನ ಎಂದು ಬರೆದಿತ್ತು.

“ಆಡ್ತೀರಾ ಅಂಕಲ್?”

“ಸೋತ್ರೆ ಅಳಕ್ಕಿಲ್ಲ ಅಂದ್ರೆ ಆಡ್ತೀನಿ ಕಣವ್ವ.”

“ಅಳೋದು ಯಾರು ಅಂತ ನೋಡೇಬಿಡೋಣ. ಕೂತ್ಕೊಳ್ಳಿ.”

ಆ ಮಾತು ಮರಿಯಯ್ಯನಿಗೆ ಹಿಡಿಸಿತು. ಕರಿ ಕಾಯಿ ತನ್ನ ಕಡೆ ಎಳೆದುಕೊಂಡು ಕವಡೆ ಹಾಕಿದ. ಮೂರು ಬಿತ್ತು, ಕಾಯಿ ನಡೆಸಿದ. ಹಾಗೆಯೇ ಕವಡೆಗಳನ್ನು ಬಳಿದುಕೊಂಡು, ಕುಲುಕಿ, ಮತ್ತೆ ಹಾಕಿದ. ಎರಡು. ಕವನಳ ಕೆಂಪು ಕಾಯಿಯನ್ನು ಎರಡು ಮನೆ ಮುಂದಿಟ್ಟ.

“ಅಂಕಲ್, ಅದು ನನ್ನ ಸರದಿ!” ಅವಳು ನಕ್ಕಳು.

“ಓ... ಹೌದಲ್ವಾ,” ಎಂದು ಮರಿಯಯ್ಯ ಕೈ ತೆಗೆದ.

ಆಟ ಬಿರುಸಾಯಿತು. ಕವನ ಸುಲಭದ ಹುಡುಗಿಯಾಗಿರಲಿಲ್ಲ. ಅವನ ಕಾಯಿಗಳ ಬೆನ್ನು ಹತ್ತಿದ್ದಳು. ಮರಿಯಯ್ಯನ ಕಣ್ಣು ಬಟ್ಟೆ ಬಿಟ್ಟು ಕದಲಲಿಲ್ಲ. ತನ್ನ ಕಾಯಿ ನಡೆಸಿದವನೇ ಗಬಕ್ಕನೆ ಕವಡೆ ಎತ್ತಿ ಹಾಕಿ, ಕೆಂಪು ಕಾಯಿಯಿಂದ ತನ್ನದೇ ಕರಿ ಕಾಯಿಯನ್ನು ಹೊಡೆದು ಬಿಸಾಡಿದ. “ಹೊಡ್ದೆಯಲ್ಲಮ್ಮೀ ನಂದಾ!” ಎಂದು ತೊಡೆ ತಟ್ಟಿಕೊಂಡು, ಮುಖವೆಲ್ಲ ಹಿಗ್ಗಿ, ತಲೆ ಎತ್ತಿ ಎದುರಿಗೆ ನೋಡಿದ.

ಎದುರಿಗೆ ಕವನ ಇದ್ದಳು. ಅವಳ ಮುಖ ಗಂಟಿಕ್ಕಿತ್ತು. “ನನ್ ಕಾಯಿನೂ ನೀವೇ ನಡೆಸೋದಾದ್ರೆ ನಾನ್ಯಾಕೆ ಕೂತಿರೋದು ಇಲ್ಲಿ?”

ಮರಿಯಯ್ಯ ತನ್ನ ಬಲಗೈಯನ್ನು ಬೇರೆ ಯಾರದ್ದೋ ಎಂಬಂತೆ ನೋಡಿಕೊಂಡ. ಸಿಟ್ಟು ಬರಬೇಕಾದ ಜಾಗದಲ್ಲಿ ಮಾತು ಬಂತು.

“ನನ್ ಹೆಂಡ್ರು ರಾಮಮ್ಮುಂಗೆ ಲಕ್ವ ಹೊಡ್ದು ಕೈ ಬಿದ್ದೋಗಿತ್ತು ಕಣವ್ವ. ಮಾತೂ ಇರ್ನಿಲ್ಲ. ಎರಡು ವರ್ಸ ಅವ್ಳ ಕವಡೆನೂ ನಾನೇ ಹಾಕ್ತಿದ್ದೆ. ಯಾವ್ ಕಾಯಿ ಅಂತ ಕಣ್ಣಲ್ಲೇ ತೋರೋಳು, ನಾನು ನಡಸೋನು. ಕೈಗೆ ರೂಢಿ ಬಿದ್ದೋಗದೆ.”

“ಈಗ ಆಂಟಿ...”

“ಗೌರಿ ಹಬ್ಬುದ್ ಹಿಂದಿನ್ ವಾರ ತೀರ್ಕೊಂಡ್ಲು. ಆಟ ಅರ್ದುಕ್ಕೇ ನಿಂತೋಯ್ತು. ಗೆಲ್ಲದ್ರಲ್ಲಿದ್ಲು, ಗಾಟಿ.”

ಕವನ ಎರಡೂ ಕೈ ಮಡಿಲಲ್ಲಿಟ್ಟುಕೊಂಡು, ಕಣ್ಣಿನಿಂದಲೇ ಒಂದು ಕೆಂಪು ಕಾಯಿ ತೋರಿಸಿದಳು. “ನೀವೇ ಹಾಕಿ ಅಂಕಲ್. ಅದನ್ನ ನಡೆಸಿ.”

ಮರಿಯಯ್ಯನ ಕೈ ಕವಡೆಯತ್ತ ಹೋಯಿತು. ಅರ್ಧ ದಾರಿಯಲ್ಲೇ ನಿಂತಿತು.

“ಏ, ಎತ್ತು ಕೈಯ! ಕೈ ಗಟ್ಟಿಯಾಗಿರೋ ಮಕ್ಳು ಹಂಗೆ ಕುಂತ್ಕಬಾರ್ದು. ನಿನ್ ಕವಡೆ ನೀನೇ ಹಾಕು!” ಎಂದು ಗದರಿ, ಕವಡೆಗಳನ್ನು ಅವಳ ಕಡೆ ತಳ್ಳಿದ.

ಕವನ ಬೆಚ್ಚಿ ಕೈಗೆತ್ತಿಕೊಂಡಳು. ಅವಳ ಮುಷ್ಟಿಯೊಳಗೆ ಕವಡೆ ಕುಲುಕತೊಡಗಿದ್ದೇ ಮರಿಯಯ್ಯನ ಬೆರಳುಗಳು ಮತ್ತೆ ಕೆಂಪು ಕಾಯಿಯ ಕಡೆ ಹೊರಟವು. ಅವನು ಎರಡೂ ಕೈಗಳನ್ನು ಹಿಂದಕ್ಕೆಳೆದು ತೊಡೆಯಡಿ ಸಿಕ್ಕಿಸಿಕೊಂಡ.

“ಚೌಕ!” ಎಂದು ಕೂಗಿದಳು ಕವನ. ಚೌಕ ಬಿದ್ದವರು ಇನ್ನೊಮ್ಮೆ ಹಾಕಬೇಕು. ಮರಿಯಯ್ಯ ತನ್ನ ಕೈಗಳ ಮೇಲೆ ಇನ್ನಷ್ಟು ಭಾರ ಬಿಟ್ಟು ಕೂತ.