ಗಾಜಿನ ಪೆಟ್ಟಿಗೆಯ ಹುಳುಗಳು

"ಇದರೊಳಗೆ ಏನೋ ಹರಿದಾಡ್ತಾ ಐತಲ್ಲ, ಧರಣಪ್ಪನೋರೇ?"

ಬಸದಿ ಸಮಿತಿಯ ವರ್ಧಮಾನ್ ನಡುಮನೆಯಲ್ಲಿದ್ದ ಗಾಜಿನ ಪೆಟ್ಟಿಗೆಗೆ ಮುಖವೊಡ್ಡಿ ಕೇಳಿದಾಗ ಧರಣಪ್ಪನವರು ಗಡಬಡಿಸಿ ಅಡ್ಡ ಬಂದು ನಿಂತರು. ಹಳೇಬೀಡಿಗೆ ಜೈನ ಮುನಿಗಳೊಬ್ಬರು ಬಂದಿದ್ದರು. ಮಾರನೆಯ ಬೆಳಿಗ್ಗೆ ಅವರು ಆಹಾರಕ್ಕೆ ಹೊರಟಾಗ ಬಾಗಿಲಲ್ಲಿ ನಿಂತು ಬರಮಾಡಿಕೊಳ್ಳುವ ಮನೆಗಳಲ್ಲಿ ಧರಣಪ್ಪನವರದೂ ಒಂದು. ಅಡುಗೆಮನೆ, ಬಾವಿನೀರು ಎಲ್ಲ ಸರಿಯಾಗಿದೆಯೇ, ಹುಳುಹುಪ್ಪಟೆ ಇಲ್ಲವೇ ಎಂದು ನೋಡಲು ವರ್ಧಮಾನ್ ಇಬ್ಬರು ಹಿರಿಯರನ್ನೂ ಕರೆತಂದಿದ್ದರು.

"ಏನಿಲ್ಲ, ಬರೀ ಗಿಡ. ಸೊಸೆ ಇಟ್ಕೊಂಡಿರೋದು" ಎಂದು ಧರಣಪ್ಪನವರು ಪೆಟ್ಟಿಗೆಯನ್ನು ಎತ್ತಿಕೊಂಡು ಹೋಗಿ ತಾರಸಿಯ ಮೇಲಿಟ್ಟು ಬಂದರು.

ಬರೀ ಗಿಡವಾಗಿರಲಿಲ್ಲ. ಸೊಸೆ ದರ್ಶಿನಿ ಬೇಲೂರಿನ ಕಾಲೇಜೊಂದರಲ್ಲಿ ಜೀವಶಾಸ್ತ್ರ ಕಲಿಸುವವಳು. ಪಾಚಿ, ಜರೀಗಿಡ ನೆಟ್ಟಿದ್ದ ಆ ಪೆಟ್ಟಿಗೆಯ ಮಣ್ಣಿನಲ್ಲಿ, ಕಣ್ಣಿಗೆ ಕಂಡೂ ಕಾಣದಂಥ ಬಿಳಿ ಹುಳುಗಳನ್ನೂ, ಮುಟ್ಟಿದರೆ ಗುಂಡಗೆ ಸುತ್ತಿಕೊಳ್ಳುವ ಬೂದು ಹುಳುಗಳನ್ನೂ ಬಿಟ್ಟಿದ್ದಳು. ಕೊಳೆತ ಎಲೆ, ಬೂಷ್ಟು ತಿಂದು ಅವೇ ಪೆಟ್ಟಿಗೆಯನ್ನು ಚೊಕ್ಕಟವಾಗಿಡುತ್ತಿದ್ದವು. ಜೀವಗಳನ್ನು ಹೀಗೆ ಕೂಡಿಹಾಕುವುದು ಸರಿಯೇ ಎಂದು ಅತ್ತೆ ಜಯಮಾಲಾ ಗೊಣಗಿದಾಗ, ಬಿದ್ದ ಎಲೆ ತಿಂದು ಬದುಕುವ ಇವು ನಮಗಿಂತ ಸಾಧು ಜೀವಗಳು ಎಂದು ಸೊಸೆಯ ಪರ ನಿಂತವರು ಧರಣಪ್ಪನವರೇ. ದಿನಾ ಒಂದು ತರಗೆಲೆ ಹಾಕಿ, ಅವು ಮುತ್ತಿಕೊಳ್ಳುವುದನ್ನು ಕನ್ನಡಕ ಸರಿಮಾಡಿಕೊಂಡು ನೋಡುತ್ತಿದ್ದರು. ಬಿಸಿಲು ಬಿದ್ದರೆ ಒಂದೂ ಉಳಿಯುವುದಿಲ್ಲವೆಂದು ದರ್ಶಿನಿ ಅವರಿಗೆ ಮೊದಲೇ ಹೇಳಿದ್ದಳು.

ಹಿರಿಯರು ಬೇಗ ಏಳಲಿಲ್ಲ. ಮಾತು ನಾಳೆಯ ಏರ್ಪಾಟಿನಿಂದ ಅರಸೀಕೆರೆಯ ಕೊಬ್ಬರಿ ಮಾರುಕಟ್ಟೆಗೆ ಹೊರಳಿತು. ಅಂಗಳದಲ್ಲಿ ಬಿಸಿಲು ಏರುವುದು ಕೂತಲ್ಲಿಂದಲೇ ಕಾಣುತ್ತಿತ್ತು. ಎದ್ದುಹೋಗಬೇಕೆಂದು ಧರಣಪ್ಪನವರು ಮತ್ತೆ ಮತ್ತೆ ಅಂದುಕೊಂಡರು. ಆದರೆ ತಾರಸಿ ಹತ್ತಲು ಇವರ ಮುಂದೆಯೇ ಹಾಯಬೇಕು. ಬರೀ ಗಿಡಕ್ಕೆ ಇಷ್ಟೇಕೆ ಗಾಬರಿ ಎಂದು ವರ್ಧಮಾನ್ ಕೇಳಿಬಿಟ್ಟರೆ? ಇನ್ನೇನು ಹೊರಡುತ್ತಾರೆ ಎಂದುಕೊಂಡು ಕೂತೇ ಇದ್ದರು. ಅವರು ಹೊರಟ ಮೇಲೆ ತಾರಸಿಗೆ ಓಡಿದಾಗ ಗಾಜು ಮುಟ್ಟಲಾರದಷ್ಟು ಕಾದಿತ್ತು. ನೆರಳಿಗೆ ಎಳೆದಿಟ್ಟರು. ಮುಚ್ಚಳ ತೆಗೆದು ನೋಡುವ ಧೈರ್ಯ ಬರಲಿಲ್ಲ.

ಸಂಜೆ ದರ್ಶಿನಿ ತೆಗೆದಳು. ಬೇಯಿಸಿದ ಸೊಪ್ಪಿನ ವಾಸನೆ ಮೂಗಿಗೆ ಬಡಿಯಿತು. ಬೂದು ಹುಳುಗಳೆಲ್ಲ ತಂಪು ಹುಡುಕಿಕೊಂಡು ತಳದ ಒಂದು ಮೂಲೆಗೆ ಬಂದು ಒಂದರ ಮೇಲೊಂದು ಸತ್ತುಬಿದ್ದಿದ್ದವು.

"ಬಿಸಿಲಿಗೆ ಇಡಬಾರದಿತ್ತು, ಮಾವ."

"ಗೊತ್ತಿತ್ತು ಕಣಮ್ಮ."

ಅವಳು ತಲೆಯೆತ್ತಿ ಅವರ ಮುಖ ನೋಡಿದಳು. ಮೆಲ್ಲಗೆ ಮುಚ್ಚಳ ಮುಚ್ಚಿದಳು.

ಬೆಳಿಗ್ಗೆ ಧರಣಪ್ಪನವರು ಮಡಿಯುಟ್ಟು ಕಲಶ ಹಿಡಿದು ಬಾಗಿಲಲ್ಲಿ ನಿಂತರು. ಪಕ್ಕದಲ್ಲಿ ಜಯಮಾಲಾ, ಹಿಂದೆ ದರ್ಶಿನಿ. ಕಾಲಡಿ ಇರುವೆಯೊಂದು ಸಿಕ್ಕೀತೆಂದು ನೆಲವನ್ನೇ ನೋಡುತ್ತಾ, ನವಿಲುಗರಿಯ ಪಿಂಛಿ ಹಿಡಿದು ನಿಧಾನವಾಗಿ ಬಂದ ಮುನಿಗಳು ಅವರ ಎದುರೇ ನಿಂತರು. ಧರಣಪ್ಪನವರು ನಮೋಸ್ತು ಎಂದರು. ಇನ್ನು ತನ್ನ ಮನಸ್ಸು ಶುದ್ಧ, ಮಾತು ಶುದ್ಧ, ದೇಹ ಶುದ್ಧ ಎಂದು ಹೇಳಿ ಒಳಗೆ ಕರೆಯಬೇಕು. ಆ ಮನೆಯಲ್ಲಿ ಅದನ್ನು ಹಿರಿಯರೇ ಮೊದಲು ಹೇಳುವುದು ರೂಢಿ.

"ಮನ..." ಎಂದರು. ಮುಂದಕ್ಕೆ ನಾಲಿಗೆ ಹೊರಳಲಿಲ್ಲ. ಜಯಮಾಲಾ ಮೊಣಕೈಯಿಂದ ತಿವಿದರು. ಮುನಿಗಳು ಒಂದು ಗಳಿಗೆ ಕಾದು, ಮುಂದಿನ ಮನೆಯತ್ತ ನಡೆದರು. ಬೀದಿಯೆಲ್ಲ ಇವರನ್ನೇ ನೋಡುತ್ತಿತ್ತು.

ವರ್ಧಮಾನ್ ಗಾಬರಿಯಿಂದ ಹತ್ತಿರ ಬಂದು ಏನಾಯಿತೆಂದು ಕೇಳಿದರು. ಧರಣಪ್ಪನವರು ಹೇಳಿಯೇಬಿಡಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ದರ್ಶಿನಿ ಮುಂದೆ ಬಂದಳು.

"ಮಾವನಿಗೆ ರಾತ್ರಿಯೆಲ್ಲ ನಿದ್ದೆಯಿಲ್ಲ. ಮಾತು ಮರೆತುಹೋಯ್ತು, ಅಷ್ಟೇ."

"ವಯಸ್ಸಾಯ್ತಲ್ಲ, ಆಗ್ತದೆ ಬಿಡಿ" ಎಂದರು ವರ್ಧಮಾನ್.

ಧರಣಪ್ಪನವರು ಸೊಸೆಯತ್ತ ತಿರುಗಲಿಲ್ಲ.

"ಹೂಂ" ಎಂದರು.